ಎಡಮನೆಯ ಬೆಲ್ಲ

ನಮ್ಮೂರಲ್ಲಿ ಬಾಡಿಗೆ ಮನೆ ಹುಡುಕುವವರು ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು ಬಲಗಡೆ ಯಾರಿದ್ದಾರೆ ಎಂದು. ಬಲಗಡೆ ಎಂದರೆ ಬಾಗಿಲಲ್ಲಿ ಬೀದಿಗೆ ಮುಖ ಮಾಡಿ ನಿಂತಾಗಿನ ಬಲ. ಅಲ್ಲಿರುವವರು ಧಾರಾಳಿಗಳಾಗಿದ್ದು, ಸಾಯುವವರೆಗೂ ಧಾರಾಳಿಗಳಾಗಿಯೇ ಇರುವ ಜಾಯಮಾನದವರಾದರೆ ಬಾಡಿಗೆ ಜಾಸ್ತಿ. ಈಚೆಗೆ ಬುದ್ಧಿ ಬಂದು ಉಳಿತಾಯಕ್ಕೆ ಇಳಿದವರಾದರೆ ಪಕ್ಕದ ಮನೆ ತಿಂಗಳುಗಟ್ಟಲೆ ಬೀಗ ಹಾಕಿಕೊಂಡಿರುತ್ತದೆ. ಏಕೆಂದರೆ ನಮ್ಮಲ್ಲಿ ಖರ್ಚು ಸಾಯುವುದಿಲ್ಲ, ಮನೆ ಬದಲಾಯಿಸುತ್ತದೆ. ಒಂದು ಮನೆಯವರು ಬೇಡವೆಂದು ಬಿಟ್ಟದ್ದು ಎಡಗಡೆಯ ಮನೆಗೆ ಹೋಗಿ ಕೂರುತ್ತದೆ. ಬಿಟ್ಟವರಿಗೆ ಅದರ ಆಸೆಯೂ ಹೋಗುತ್ತದೆ. ಎಡಮನೆಯವರಿಗೆ ಮಾರನೆಯ ಬೆಳಗ್ಗೆಯಿಂದ ಅದಿಲ್ಲದೆ ಆಗುವುದಿಲ್ಲ.

ಹಾಗೆಂದು ಕದ್ದುಮುಚ್ಚಿ ದಾಟಿಸುವಂತಿಲ್ಲ. ಒಂದು ಖರ್ಚಿಗೆ ಒಂದು ಚೂರು ಬೆಲ್ಲದಂತೆ ತಟ್ಟೆಯಲ್ಲಿಟ್ಟುಕೊಂಡು ಎಡಮನೆಗೆ ಹೋಗಿ, ಇಂಥದ್ದು ಬಿಡುತ್ತಿದ್ದೇವೆ ಎಂದು ಹೇಳಬೇಕು. ಅವರು ಕೇಳಿ, ಯೋಚಿಸಿ, ಬೆಲ್ಲ ಬಾಯಿಗೆ ಹಾಕಿಕೊಂಡರೆ ಒಪ್ಪಿದಂತೆ. ತಟ್ಟೆಯಲ್ಲೇ ಬಿಟ್ಟರೆ ಖರ್ಚು ಇದ್ದಲ್ಲೇ ಇರುತ್ತದೆ. ಬೆಲ್ಲದ ಗೊಡವೆಯಿಲ್ಲದೆ ಹಟ ಹಿಡಿದು ಬಿಡುತ್ತೇವೆ ಎಂದವರ ಹಟ ನಾಲ್ಕು ದಿನ ನಿಲ್ಲುವುದಿಲ್ಲ. ನನ್ನ ಗಂಡ ಹಾಗೆ ಒಮ್ಮೆ ಸಿಗರೇಟು ಬಿಟ್ಟು, ನಾಲ್ಕನೆಯ ದಿನ ಬಸ್ ಡಿಪೋ ಗೋಡೆಯ ಹಿಂದೆ ಎರಡನ್ನು ಒಟ್ಟಿಗೆ ಹಚ್ಚಿಕೊಂಡು ನಿಂತಿದ್ದರಂತೆ. ಇನ್ನೊಂದು ಮಾತು: ಅಕ್ಕಿ, ಬೇಳೆ, ಔಷಧಿ, ಮಕ್ಕಳ ಫೀಸು, ಇಂಥವು ಎಷ್ಟು ಬೆಲ್ಲ ತಿನ್ನಿಸಿದರೂ ಕದಲುವುದಿಲ್ಲ. ಬೇಡದ್ದು ಮಾತ್ರ ಕದಲುತ್ತದೆ. ಯಾವುದು ಬೇಕಾದದ್ದು, ಯಾವುದು ಬೇಡದ್ದು ಎಂದು ನಮ್ಮೂರ ಗಂಡ ಹೆಂಡಿರು ಜಗಳವಾಡುವುದಿಲ್ಲ. ಬೆಲ್ಲ ಕಳಿಸಿ ನೋಡುತ್ತಾರೆ.

ನಮ್ಮ ಎಡಗಡೆ ಇದ್ದವರು ಗೌರಕ್ಕ. ಐವತ್ತೆಂಟು ವರ್ಷ, ಒಂಟಿ, ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದರು. ಅವರ ಮನೆಯಲ್ಲಿ ಉಡುವ ಸೀರೆ ಬಿಟ್ಟರೆ ಎರಡನೆಯದು ಎಂಬುದೇ ಇರಲಿಲ್ಲ. ಒಂದು ಚಾಪೆ, ಒಂದು ತಂಬಿಗೆ, ಗೋಡೆಗೆ ಒಂದು ಮೊಳೆ. ಅವರಿಗೆ ಎಡಗಡೆ, ಬೀದಿಯ ಮೂಲೆಯಲ್ಲಿ, ಓಬಯ್ಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತರಾದವರು, ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ಸೀಳಿ ಎರಡು ಮಾಡಿಕೊಳ್ಳುವವರು. ಬಲಗಡೆ ಗೌರಕ್ಕನಂಥವರು ಇದ್ದಾರೆಂದೇ ಸಾಲ ಮಾಡಿ ಆ ಮನೆ ಕೊಂಡಿದ್ದರು. "ಬಿಡೋಕೆ ಅವರ ಹತ್ರ ಏನಿದೆ ಹೇಳಿ?" ಎಂದು ಬೀದಿಯಲ್ಲಿ ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದರು.

ಆ ವರ್ಷ ಜೂನ್ ತಿಂಗಳಲ್ಲಿ ನಮ್ಮ ಯಮುನಾಗೆ ದೊಡ್ಡಾಸ್ಪತ್ರೆಯ ನರ್ಸಿಂಗ್ ತರಬೇತಿಗೆ ಸೀಟು ಸಿಕ್ಕಿತು. ಎರಡು ವರ್ಷ, ತಿಂಗಳಿಗೆ ಸಾವಿರದ ಎಂಟುನೂರು. ಒಂದು ಕಂತು ತಪ್ಪಿದರೂ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ. ಅದೇ ತಿಂಗಳು ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದ ನನ್ನ ಗಂಡ ಸೋಮಶೇಖರರ ಓವರ್‌ಟೈಮ್ ನಿಂತಿತು. ನಾವು ನಾಲ್ಕು ಜನ, ನಾನು, ಅವರು, ನಮ್ಮತ್ತೆ, ಯಮುನಾ, ಅಡುಗೆಮನೆಯಲ್ಲಿ ಕೂತು ಬೇಡದ್ದನ್ನು ಹುಡುಕಿದೆವು.

"ಭಾನುವಾರದ ಮಸಾಲೆ ದೋಸೆ," ಎಂದಳು ಯಮುನಾ, ತನ್ನ ಫೀಸಿನ ಪ್ರಶ್ನೆಯಾದ್ದರಿಂದ ಮೊದಲು ತಾನೇ ಒಂದು ಹೇಳಬೇಕೆಂದು.

"ನಿಮ್ಮಪ್ಪನ ಸಂಜೆ ಬೋಂಡ," ಎಂದೆ ನಾನು.

"ನಿನ್ನ ಮಲ್ಲಿಗೆ," ಎಂದರು ಅವರು, ತಕ್ಷಣ.

ಎರಡನೆಯ ಪೇಪರು ಮತ್ತು ಇಸ್ತ್ರಿ ಸೇರಿದವು. ಅಷ್ಟು ಸೇರಿ ಸಾವಿರದ ಎಂಟುನೂರೈವತ್ತಾಯಿತು. ಕೊನೆಗೆ ಎಲ್ಲರೂ ಅತ್ತೆಯ ಕಡೆ ನೋಡಿದೆವು. ಅತ್ತೆ ನಸ್ಯದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಅದನ್ನೂ ಪಟ್ಟಿಗೆ ಹಾಕ್ತೀರೇನೋ. ಹಾಕಿ, ಹಾಕಿ. ಮೊಮ್ಮಗಳಿಗಾಗಿ ಮೂಗನ್ನೇ ಬೇಕಾದರೆ ಕೊಯ್ದು ಕೊಡ್ತೀನಿ."

ತಟ್ಟೆಯಲ್ಲಿ ಆರು ಚೂರು ಬೆಲ್ಲ ಇಟ್ಟುಕೊಂಡು ಹೋದಾಗ ಗೌರಕ್ಕ ಹಪ್ಪಳ ಲಟ್ಟಿಸುತ್ತಿದ್ದರು.

"ಆರಾ! ಏನೇ ಕುಸುಮಾ, ಸಂಸಾರ ಬಿಟ್ಟು ಕಾಶಿಗೆ ಹೊರಟ್ರೋ ಹೇಗೆ?"

ನಾನು ಒಂದೊಂದಾಗಿ ಹೇಳಿದೆ. ಯಾಕೆ ಎಂಬುದನ್ನೂ ಹೇಳಿದೆ. ಅವರು ಕೈಯ ಹಿಟ್ಟು ಕೊಡವಿ ತಟ್ಟೆಯನ್ನು ಮುಖದ ಹತ್ತಿರ ಹಿಡಿದುಕೊಂಡು ನೋಡಿದರು.

"ಮಲ್ಲಿಗೆ ನಾನು ಮುಡಿಯೋದಾ? ನೋಡಿದವರು ಏನಂದಾರು?"

"ಚೆನ್ನಾಗಿದೆ ಅಂತಾರೆ."

"ಬೋಂಡ ಎಲ್ಲಿದು, ಡಿಪೋ ಮುಂದಿನ ಗಾಡಿದಾ? ಅಲ್ಲಿಗೆ ನಾನು ನಡ್ಕೊಂಡು ಹೋಗ್ಬೇಕಾಗುತ್ತೆ ಅಂತಾಯ್ತು."

"ಬೇಡಾಂದ್ರೆ ಬಿಡಿ ಗೌರಕ್ಕ. ಬಲವಂತ ಏನಿಲ್ಲ."

"ಹುಡುಗಿ ಬಿಳಿ ಬಟ್ಟೆ ಹಾಕ್ಕೊಂಡು ವಾರ್ಡಲ್ಲಿ ಓಡಾಡೋದು ನಾನು ನೋಡ್ಬೇಡ್ವೇನೇ?" ಎನ್ನುತ್ತ ಒಂದು ಚೂರು ಬಾಯಿಗೆ ಹಾಕಿಕೊಂಡರು. ಆಮೇಲೆ ಇನ್ನೊಂದು. ಐದು ಮುಗಿಸಿ ಆರನೆಯದನ್ನು ತಟ್ಟೆಯ ಅಂಚಿಗೆ ತಳ್ಳಿದರು. "ನಸ್ಯ ಮಾತ್ರ ಬೇಡಮ್ಮ. ನಾನು ಹಪ್ಪಳದ ಹಿಟ್ಟಿನ ಮುಂದೆ ಕೂರೋಳು."

ಗೋಡೆಯಾಚೆಯಿಂದ ನಮ್ಮತ್ತೆಯ ಧ್ವನಿ ಕೇಳಿತು: "ದೇವರು ನಿನಗೆ ನೂರು ವರ್ಷ ಆಯಸ್ಸು ಕೊಡಲಿ ಗೌರಾ!" ಹಿಂದೆಯೇ ಒಂದು ಸೀನು.

ಮಾರನೆಯ ದಿನದಿಂದ ನಮ್ಮ ಮನೆ ಸಪ್ಪಗಾಗಲಿಲ್ಲ, ಹಗುರಾಯಿತು. ಭಾನುವಾರ ಉಪ್ಪಿಟ್ಟು ತಿಂದು ಎಲ್ಲರೂ ತೃಪ್ತಿಯಾಗಿ ಕೈ ತೊಳೆದೆವು. ಹತ್ತು ವರ್ಷದಿಂದ ಬೋಂಡದ ಗಾಡಿಯವನಿಗೆ ಮಗನಂತಿದ್ದ ನನ್ನ ಗಂಡ, ಮೂಗು ಮುಚ್ಚಿಕೊಂಡು ಗಾಡಿ ದಾಟಿ ಬಂದರಂತೆ. "ಅದೇನು ಎಣ್ಣೆ ವಾಸನೆ, ಮನುಷ್ಯರು ಹೇಗೆ ತಿಂತಾರೋ!" ಎಂದರು. ಯಮುನಾಳ ಮೊದಲ ಕಂತು ಕಟ್ಟಿದೆವು, ರಸೀತಿ ದೇವರ ಮುಂದೆ ಇಟ್ಟೆವು.

ಗೌರಕ್ಕನನ್ನು ನೋಡಲು ಬೀದಿಯೇ ಕಿಟಕಿಗೆ ಬಂತು. ಬುಧವಾರ ಇಸ್ತ್ರಿಯವನು ಅವರ ಮೂರು ಸೀರೆ ಹೊತ್ತುಕೊಂಡು ಹೋದ. ಗುರುವಾರ ಅವರು ಗಂಜಿ ಹಾಕಿದ ಸೀರೆಯ ಸದ್ದಿನೊಂದಿಗೆ, ಮುಡಿಯಲ್ಲಿ ಒಂದು ಮೊಳ ಮಲ್ಲಿಗೆಯೊಂದಿಗೆ, ಹಪ್ಪಳದ ಡಬ್ಬ ಹಿಡಿದು ಅಂಗಡಿಬೀದಿಗೆ ಹೊರಟರು. ನಾಲ್ವರ ದೋಸೆ ಅವರಲ್ಲಿ ಒಬ್ಬರ ದೋಸೆಯಾಯಿತು. ಭಾನುವಾರ ಎಂಟು ಗಂಟೆಗೆ ಹೋಟೆಲಿನಲ್ಲಿ ಫ್ಯಾನಿನ ಕೆಳಗಿನ ಮೇಜೇ ಆಗಬೇಕು. "ಅಂಚು ಕೆಂಪಗಿರಲಿ. ಚಟ್ನಿ ನಾನು ಕೇಳೋ ಹಾಗೆ ಮಾಡ್ಬೇಡಪ್ಪ, ನೀನೇ ತಂದುಹಾಕು." ಪೇಪರನ್ನು ಮೂಗಿಗೆ ತಗುಲುವಷ್ಟು ಹತ್ತಿರ ಹಿಡಿದು ಓದಿ, ಸುದ್ದಿಯಲ್ಲಿ ಊರ ಕೆರೆಯ ಅಳತೆ ತಪ್ಪು ಹಾಕಿದ್ದಾರೆಂದು ಏಜೆಂಟನನ್ನು ತರಾಟೆಗೆ ತೆಗೆದುಕೊಂಡರು. ಸಂಜೆ ಐದಕ್ಕೆ ಡಿಪೋ ಮುಂದಿನ ಬೆಂಚಿನಲ್ಲಿ ಡ್ರೈವರುಗಳ ನಡುವೆ ಕೂತು ಬೋಂಡ ತಿನ್ನುತ್ತ, ಹದಿನೈದೇ ದಿನದಲ್ಲಿ ಎಲ್ಲ ಬಸ್ಸಿನ ವೇಳೆ ಬಾಯಿಪಾಠ ಮಾಡಿಕೊಂಡರು.

"ನಿಮ್ಮ ಏಳನೇ ನಂಬರ್ ಇವತ್ತೂ ಒಂಬತ್ತು ನಿಮಿಷ ಲೇಟು. ನೀವು ನಾಲ್ಕು ಅಂತ ಬರ್ಕೊಂಡ್ರಿ," ಎಂದು ಒಂದು ದಿನ ನನ್ನ ಗಂಡನಿಗೇ ಹೇಳಿದರಂತೆ.

"ಇವರಿಗೆ ಬೋಂಡ ಕೊಟ್ಟಿದ್ದೇ ತಪ್ಪಾಯ್ತು," ಎಂದರು ಇವರು ಮನೆಗೆ ಬಂದು.

ಮೂರನೆಯ ತಿಂಗಳಿನಲ್ಲಿ ಅಂಗಡಿಯವರು ಗೌರಕ್ಕನ ಹಪ್ಪಳ ಹಿಂದಕ್ಕೆ ಕಳಿಸಿದರು. ಉಪ್ಪು ಎರಡು ಸಲ ಬಿದ್ದಿತ್ತು. ನಾನು ಕೇಳಲು ಹೋದಾಗ ಅವರು ಬಾಗಿಲಲ್ಲಿ ಕೂತು ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದರು. ದಾರ ಸೂಜಿಯಿಂದ ಒಂದು ಅಂಗುಲ ಆಚೆ ಹೋಗುತ್ತಿತ್ತು.

"ಗೌರಕ್ಕ, ಕಣ್ಣು?"

"ಪೊರೆ. ದೀಪಾವಳಿಯೊಳಗೆ ತೆಗೆಸಿಬಿಡಿ ಅಂದಿದ್ರು ಡಾಕ್ಟ್ರು. ಮುಂದಿನ ವರ್ಷ ನೋಡೋಣ ಬಿಡು."

"ಅದಕ್ಕೇ ಅಂತ ಸಾಸಿವೆ ಡಬ್ಬೀಲಿ ಕೂಡಿಡ್ತಿದ್ರಲ್ಲ?"

"ಸಾಸಿವೆ ಡಬ್ಬೀಲಿ ಈಗ ಸಾಸಿವೆ ಇದೆ ಕಣೆ," ಎಂದು ನಕ್ಕರು.

ಲೆಕ್ಕ ನನಗೆ ತಕ್ಷಣ ಸಿಕ್ಕಿತು. ಮಲ್ಲಿಗೆ, ದೋಸೆ, ಬೋಂಡ, ಪೇಪರು, ಇಸ್ತ್ರಿ, ಎಲ್ಲ ಸೇರಿ ಅವರೊಬ್ಬರಿಗೆ ತಿಂಗಳಿಗೆ ಒಂಬೈನೂರು. ನಮ್ಮ ಹುಡುಗಿಯ ಓದು ಅವರ ಕಣ್ಣಿನಿಂದ ನಡೆಯುತ್ತಿತ್ತು.

ಬಿಟ್ಟ ಖರ್ಚನ್ನು ನೂರು ದಿನದೊಳಗೆ ಹಿಂದಕ್ಕೆ ಕೇಳುವ ಹಕ್ಕು ಬಿಟ್ಟವರಿಗೆ ಇದೆ. ಎಡಮನೆಯವರು ತಮ್ಮ ಕೈಯಾರೆ ಬೆಲ್ಲ ಕೊಡಬೇಕು, ನಾವು ತಿನ್ನಬೇಕು, ಅಷ್ಟೇ. ಅಂದು ಎಂಬತ್ತೆಂಟನೆಯ ದಿನ. ಮನೆಯಲ್ಲಿ ಹೇಳಿದೆ. ಯಮುನಾ ಮೊಳೆಗೆ ತೂಗುಹಾಕಿದ್ದ ತನ್ನ ಬಿಳಿ ಯೂನಿಫಾರ್ಮನ್ನು ತೆಗೆದು ಮಡಿಸಿದಳು.

"ವಾಪಸ್ ತಂದುಬಿಡಮ್ಮ. ಬಟ್ಟೆ ಅಂಗಡೀಲಿ ಹುಡುಗೀರು ಬೇಕು ಅಂತ ಬೋರ್ಡ್ ಹಾಕಿದ್ದಾರೆ. ಕಣ್ಣು ಕಾಣದೋರ ದುಡ್ಡಲ್ಲಿ ನರ್ಸ್ ಆಗಿ ನಾನು ಯಾರಿಗೆ ಮುಖ ತೋರಿಸ್ಲಿ?"

ಗೌರಕ್ಕನ ಮನೆಗೆ ಬರಿಗೈಯಲ್ಲಿ ಹೋಗಿ, "ಬೆಲ್ಲ ಕೊಡಿ ಗೌರಕ್ಕ, ಐದು ಚೂರು," ಎಂದೆ. ಅವರಿಗೆ ಅರ್ಥವಾಯಿತು.

"ಕೊಡಲ್ಲ."

"ಕಣ್ಣು ಹೋಗುತ್ತೆ."

"ಇನ್ನೊಂದು ವರ್ಷ ಇರುತ್ತೆ. ನೋಡು ಕುಸುಮಾ, ಹುಟ್ಟಿದಾಗಿನಿಂದ ನಾನು ಬೇಕಾದ್ದನ್ನಷ್ಟೇ ತಂದಿದ್ದೀನಿ. ಅಕ್ಕಿ ಬೇಕು, ತಂದೆ. ಉಪ್ಪು ಬೇಕು, ತಂದೆ. ಬೇಡದ್ದು ಒಂದೂ ಈ ಹೊಸಲು ದಾಟಿ ಬಂದಿರಲಿಲ್ಲ. ಈಗ ಬಂದಿದೆ. ಬೆಳಗ್ಗೆ ಎದ್ದರೆ ಹೂವಿನವಳು ಬರ್ತಾಳಲ್ಲ ಅಂತ ಎದ್ದೇಳ್ತೀನಿ. ಕೊಟ್ಟು ಕಿತ್ಕೊಳ್ಳೋ ಬುದ್ಧಿ ಒಳ್ಳೇದಲ್ಲ."

"ಹಾಗಾದ್ರೆ ಬೇರೆ ಏನಾದರೂ ಬಿಡಿ. ನಿಮ್ಮ ಎಡಕ್ಕೂ ಒಂದು ಮನೆ ಇದೆಯಲ್ಲ."

"ನನ್ನ ಹತ್ರ ಏನಿದೆ ಬಿಡೋಕೆ?"

ಅಷ್ಟರಲ್ಲಿ ಬಾಗಿಲಲ್ಲಿ ಸೈಕಲ್ ಗಂಟೆ ಕೇಳಿಸಿತು. ಬಂದವನು ಪೇಟೆಬೀದಿಯ ಮನರಂಜನಾ ಸಂಘದ ಬಿಲ್ ಕಲೆಕ್ಟರ್. ಚರ್ಮದ ಚೀಲ ತೆರೆದು, "ಅಮ್ಮಾ, ಈ ತಿಂಗಳದ್ದು," ಎಂದ. ಗೌರಕ್ಕ ನನ್ನ ಮುಖ ನೋಡದೆ ಒಳಗೆ ಹೋಗಿ, ಒಂಬೈನೂರೈವತ್ತು ರೂಪಾಯಿ ತಂದು ಎಣಿಸಿ ಕೊಟ್ಟು, ರಸೀತಿ ತೆಗೆದುಕೊಂಡರು. ರಸೀತಿಯಲ್ಲಿ ಇದ್ದ ಹೆಸರು ಭದ್ರಯ್ಯ.

ಭದ್ರಯ್ಯ ಅವರ ಗಂಡ. ಇಪ್ಪತ್ತೊಂದು ವರ್ಷದ ಹಿಂದೆ ಮಧ್ಯಾಹ್ನ ಎರಡೂಕಾಲರ ಬಸ್ಸು ಹತ್ತಿ ಹೋದವನು. ಎಲ್ಲಿಗೆ ಹೋದ, ಯಾರ ಜೊತೆ ಹೋದ ಎಂಬುದು ಊರಿಗೆಲ್ಲ ಗೊತ್ತಿತ್ತು, ಗೌರಕ್ಕನಿಗೂ ಗೊತ್ತಿತ್ತು. ಇದ್ದಷ್ಟು ದಿನ ಸಂಜೆಯೆಲ್ಲ ಸಂಘದಲ್ಲಿ ಇಸ್ಪೀಟಾಡುತ್ತಿದ್ದ. ಸಂಘದ ಬಾಗಿಲಲ್ಲಿ ಸದಸ್ಯರ ಹೆಸರಿನ ಹಲಗೆ ಇದೆ. ಚಂದಾ ನಿಲ್ಲಿಸಿದ ತಿಂಗಳೇ ಹೆಸರು ಒರೆಸುತ್ತಾರೆ. ಮೊದಲು ಅರವತ್ತು ರೂಪಾಯಿ ಇದ್ದ ಚಂದಾ ಹಾಗೇ ಏರುತ್ತ ಬಂದಿತ್ತು. ಗೌರಕ್ಕ ಒಂದು ತಿಂಗಳೂ ತಪ್ಪಿಸಿರಲಿಲ್ಲ.

"ಬಂದಾಗ ಹೆಸರು ಇಲ್ಲದಿದ್ರೆ ಮನುಷ್ಯನಿಗೆ ಅವಮಾನ ಆಗೋಲ್ವೇ," ಎಂದರು, ನಾನು ಏನೂ ಕೇಳದಿದ್ದರೂ.

"ಇದು ಬೇಡದ ಖರ್ಚು ಗೌರಕ್ಕ."

"ಬೇಕಾದದ್ದು."

"ಅದನ್ನ ನಾನು ಹೇಳೋದೂ ಅಲ್ಲ, ನೀವು ಹೇಳೋದೂ ಅಲ್ಲ. ಬೇಕಾದದ್ದಾದರೆ ಬೆಲ್ಲ ಕೊಟ್ಟರೂ ಕದಲಲ್ಲ. ಮತ್ಯಾಕೆ ಹೆದರಿಕೆ?"

ಅವರು ರಸೀತಿಯನ್ನು ನಾಲ್ಕು ಮಡಿಕೆ ಮಾಡಿದರು, ಎಂಟು ಮಾಡಿದರು.

"ಕದಲಿದ್ರೆ ಆಸೆನೂ ಹೋಗುತ್ತಲ್ಲೇ."

"ಹೋಗುತ್ತೆ."

"ಆಮೇಲೆ ಸಂಜೆ ಹೊತ್ತು ನಾನು ಏನ್ಮಾಡ್ಲಿ?"

"ಬೋಂಡ ಇದೆಯಲ್ಲ."

ಅವರು ನಕ್ಕರು, ಕಣ್ಣು ಒರೆಸಿಕೊಂಡರು, ಮತ್ತೆ ನಕ್ಕರು. ನನಗೆ ಬೆಲ್ಲವನ್ನೂ ಕೊಡಲಿಲ್ಲ, ಮಾತನ್ನೂ ಕೊಡಲಿಲ್ಲ. ನಾನು ಎದ್ದು ಬಂದೆ. ಯಮುನಾಳ ಯೂನಿಫಾರ್ಮು ಮಡಿಸಿದಂತೆಯೇ ಪೆಟ್ಟಿಗೆಯ ಮೇಲಿತ್ತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಗೌರಕ್ಕ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ತಟ್ಟೆ, ಅದರಲ್ಲಿ ಒಂದೇ ಚೂರು ಬೆಲ್ಲ, ನಿಂಬೆಹಣ್ಣಿನ ಗಾತ್ರದ್ದು. "ಬಾ, ಜೊತೆಗೆ. ದಾರೀಲಿ ವಾಪಸ್ ಬಂದುಬಿಟ್ಟೇನು," ಎಂದರು. ದಾರಿ ಎಂದರೆ ಹನ್ನೊಂದು ಹೆಜ್ಜೆ.

ಓಬಯ್ಯ ಮೇಷ್ಟ್ರು ಜಗಲಿಯಲ್ಲಿ ಕೂತು ಹಳೆಯ ಲಕೋಟೆಗಳನ್ನು ಒಳಮೈ ಹೊರಗಾಗಿ ಮಡಿಸಿ ಅಂಟಿಸುತ್ತಿದ್ದರು. ನಮ್ಮೂರಲ್ಲಿ ಮೂರು ವರ್ಷದ ಮಗುವಿಗೂ ಒಂದು ಬುದ್ಧಿ ಹೇಳಿಕೊಟ್ಟಿರುತ್ತಾರೆ: ಬಲಮನೆಯ ಬೆಲ್ಲವನ್ನು ಕೇಳಿ ತಿನ್ನು. ಮೇಷ್ಟ್ರಿಗೆ ಅದು ಗೊತ್ತಿಲ್ಲದ್ದಲ್ಲ. ಆದರೆ ಇಪ್ಪತ್ತು ವರ್ಷದಲ್ಲಿ ಆ ಕಡೆಯಿಂದ ಬೆಲ್ಲ ಬಂದದ್ದೇ ಇಲ್ಲವಾಗಿ ಅಭ್ಯಾಸ ತಪ್ಪಿತ್ತು. ಮೇಲಾಗಿ, ಪುಕ್ಕಟೆ ಸಿಹಿ.

"ಓಹೋ, ಗೌರಮ್ಮನವರು! ಏನು ವಿಶೇಷ, ಯಮುನಾ ಪಾಸಾದ್ಲೇ?" ಎನ್ನುತ್ತ ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡೇ ಬಿಟ್ಟರು. ಮಾತಾಡಲೆಂದು ತೆರೆದಿದ್ದ ಗೌರಕ್ಕನ ಬಾಯಿ ತೆರೆದೇ ಇತ್ತು.

"ಮೇಷ್ಟ್ರೇ," ಎಂದೆ ನಾನು, "ಅದು ಬಿಡೋ ಬೆಲ್ಲ."

ಮೇಷ್ಟ್ರ ದವಡೆ ನಿಂತಿತು. "ಇವರ ಹತ್ರ ಬಿಡೋಕೆ ಏನಿದೆ?" ಎಂದರು, ಬೆಲ್ಲ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೋಯಿತು.

"ನಮ್ಮೆಜಮಾನ್ರ ಸಂಘದ ಚಂದಾ," ಎಂದರು ಗೌರಕ್ಕ. "ತಿಂಗಳಿಗೆ ಒಂಬೈನೂರೈವತ್ತು. ನವೆಂಬರ್ ತಿಂಗಳು ವಾರ್ಷಿಕೋತ್ಸವದ ಊಟದ ವಂತಿಗೆ ಬೇರೆ."

ಮೇಷ್ಟ್ರು ಉಗುಳಲು ನೋಡಿದರು. ಆದರೆ ಬಾಯಲ್ಲಿ ಕರಗಿದ್ದನ್ನು ಉಗುಳುವುದು ಅವರ ಜೀವಮಾನದ ಶಿಸ್ತಿಗೆ ಒಗ್ಗಲಿಲ್ಲ. ಕಣ್ಣು ಮುಚ್ಚಿ ನುಂಗಿದರು.

"ಆ ಮನುಷ್ಯನ ಮುಖ ಕಂಡ್ರೆ ನನಗೆ ಆಗ್ತಿರಲಿಲ್ಲ ಕಣ್ರೀ," ಎಂದರು ಆಮೇಲೆ, ಅಳುಮೋರೆಯಲ್ಲಿ. "ನನ್ನ ಹತ್ರ ತಗೊಂಡ ಕೊಡೆ ಇನ್ನೂ ಕೊಟ್ಟಿಲ್ಲ."

ಅದು ಕದಲುತ್ತದೋ ಇಲ್ಲವೋ ತಿಳಿಯಲು ಮರುದಿನ ಬೆಳಗಾಗಬೇಕಿತ್ತು. ಮರುದಿನ ಭಾನುವಾರ. ಏಳೂಮುಕ್ಕಾಲಕ್ಕೆ ಗೌರಕ್ಕ ಹೊರಟರು. ಹಾಲು ತರುವ ನೆಪದಲ್ಲಿ ನಾನು ಹಿಂದೆ ಹೋದೆ. ಸಂಘದ ಬಾಗಿಲು ಬಂದಾಗ ಅವರು ದಿನವೂ ಹೆಜ್ಜೆ ನಿಧಾನ ಮಾಡಿ ಹಲಗೆಯ ಕಡೆ ಕತ್ತು ತಿರುಗಿಸುತ್ತಿದ್ದರೆಂದು ನನಗೆ ಗೊತ್ತಾದದ್ದೇ ಆ ದಿನ, ಅವರು ಹಾಗೆ ಮಾಡದೆ ಮುಂದೆ ಹೋದಾಗ. ಹೋಟೆಲಿನ ಮೆಟ್ಟಿಲಲ್ಲಿ ನಿಂತು ತಿರುಗಿ, "ಹಾಲಿನ ಬೂತು ಆ ಕಡೆ ಅಲ್ವೇನೇ?" ಎಂದರು. ಆ ಕೂಡಲೇ, "ಬಾ, ಒಳಗೆ ಕೂತ್ಕೊ. ದೋಸೆ ಬೇಡಾಂದ್ರೆ ನಾನು ತಿನ್ನೋದು ನೋಡು," ಎಂದು ಕೈಹಿಡಿದು ಎಳೆದುಕೊಂಡು ಹೋದರು. ನಾನು ನೋಡಿದೆ. ಎರಡು ದೋಸೆ ತಿಂದರು.

ಮನೆಗೆ ಬಂದು ಯಮುನಾಳ ಯೂನಿಫಾರ್ಮು ಬಿಡಿಸಿ ಮೊಳೆಗೆ ಹಾಕಿದೆ.

ದೀಪಾವಳಿಗೆ ಹತ್ತು ದಿನ ಮುಂಚೆ, ಉಳಿದ ಚಂದಾದ ದುಡ್ಡನ್ನು ತಿಂಗಳ ಕಂತಾಗಿ ಕಟ್ಟುವ ಕರಾರಿನ ಮೇಲೆ, ದೊಡ್ಡಾಸ್ಪತ್ರೆಯಲ್ಲಿ ಗೌರಕ್ಕನ ಪೊರೆ ತೆಗೆದರು. ಪಟ್ಟಿ ಬಿಚ್ಚುವಾಗ ಡಾಕ್ಟರ ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದವಳು ಯಮುನಾ. ಗೌರಕ್ಕ ಕಣ್ಣು ಪಿಳಿಪಿಳಿ ಮಾಡಿ, ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಕಾಲರ್ ಸುಕ್ಕಾಗಿದೆ ಕಣೆ ಹುಡುಗಿ," ಎಂದರಂತೆ.

ಇತ್ತ ಓಬಯ್ಯ ಮೇಷ್ಟ್ರು ಮೊದಲ ತಿಂಗಳು ಚಂದಾ ಕಟ್ಟಿ ಮೂರು ದಿನ ಮಂಕಾಗಿ ಮಲಗಿದ್ದರು. ಎರಡನೆಯ ತಿಂಗಳು ಬಿಲ್ ಕಲೆಕ್ಟರ್ ಬರುವ ಮೊದಲೇ ತಾವೇ ಸಂಘಕ್ಕೆ ಹೋದರು. ಹಲಗೆಯಲ್ಲಿ ಭದ್ರಯ್ಯನ ಹೆಸರು ಮಾಸಿರುವುದು ಕಂಡು ಅವರಿಗೆ ಸಹಿಸಲಾಗಲಿಲ್ಲ. ಮನೆಗೆ ಬಂದು, ಹತ್ತು ವರ್ಷದಿಂದ ಮುಚ್ಚಿಟ್ಟಿದ್ದ ಬಣ್ಣದ ಡಬ್ಬಿಯನ್ನೂ ಅಳಿಲುಕೂದಲಿನ ಕುಂಚವನ್ನೂ ತೆಗೆದುಕೊಂಡು ಹೋಗಿ, ಏಣಿ ಹತ್ತಿ, ಹಲಗೆಯ ಉಳಿದ ಎಲ್ಲ ಹೆಸರಿಗಿಂತ ದುಂಡಗೆ ಆ ಹೆಸರನ್ನು ತಿದ್ದಿ ಬರೆದರು. ಹೊಸ ಖರ್ಚನ್ನು ಮೂಲೆ ತಿರುಗಿದರೆ ತಮ್ಮ ಎಡಕ್ಕೆ ಸಿಗುವ ಹಿಟ್ಟಿನ ಗಿರಣಿಯವನಿಗೆ ದಾಟಿಸಿ ಎಂದು ಯಾರೋ ಹೇಳಿದ್ದಕ್ಕೆ, "ಅಂಥ ಸ್ನೇಹಿತನ್ನ ಬಿಟ್ಟುಕೊಡೋದಾ?" ಎಂದು ಅವರ ಮೇಲೇ ರೇಗಿದರಂತೆ.

ಈಗ ದಿನಾ ಮಧ್ಯಾಹ್ನ ಊಟ ಮುಗಿಸಿ ಮೇಷ್ಟ್ರು ಜಗಲಿಗೆ ಬಂದು ಕೂರುತ್ತಾರೆ. ಬಸ್ ನಿಲ್ದಾಣದ ಕಡೆಯಿಂದ ಯಾರಾದರೂ ಚೀಲ ಹಿಡಿದು ಬರುತ್ತಿದ್ದರೆ ಎದ್ದು ನಿಂತು ಕೈಯನ್ನು ಹುಬ್ಬಿಗೆ ಹಚ್ಚಿ ನೋಡುತ್ತಾರೆ, ಅವನಲ್ಲವೆಂದು ತಿಳಿದು ಕೂರುತ್ತಾರೆ. ಮೊನ್ನೆ ನಾನೂ ಗೌರಕ್ಕನೂ ಅವರ ಮನೆ ಮುಂದೆ ಹಾದು ಹೋಗುತ್ತಿದ್ದೆವು. ಗೌರಕ್ಕ ಹೂವು ಮುಡಿದು, ಕಪ್ಪು ಕನ್ನಡಕ ಹಾಕಿಕೊಂಡು, ಸೆರಗು ಬೀಸಿಕೊಂಡು ನಡೆಯುತ್ತಿದ್ದರು. ಮೇಷ್ಟ್ರು ಜಗಲಿಯಿಂದ ಇಳಿದು ಬಂದರು.

"ಗೌರಮ್ಮನವರೇ, ನಮ್ಮ ಭದ್ರಯ್ಯನ ಕಡೆಯಿಂದ ಕಾಗದ ಗೀಗದ ಏನಾದರೂ?"

"ಇಲ್ವಲ್ಲ ಮೇಷ್ಟ್ರೇ."

"ಬರ್ತಾನೆ ಅಂತೀರಾ?"

ಗೌರಕ್ಕ ಕನ್ನಡಕ ತೆಗೆದು ಅವರ ಮುಖವನ್ನು ಚೆನ್ನಾಗಿ ನೋಡಿದರು. ಮಗುವಿಗೆ ಹೇಳುವಂತೆ ಮೆತ್ತಗೆ ಹೇಳಿದರು:

"ಬಂದರೆ ನಿಮ್ಮ ಮನೆಗೇ ಬರೋದು. ಒಂದು ಲೋಟ ಕಾಫಿ ಕೊಟ್ಟು ಕೂರಿಸ್ಕೊಳ್ಳಿ, ಪಾಪ."